ಗೋಡೆಗೆ ನೇತುಹಾಕಿದ ಬಲೆ

ಮಾನ್ಯ ಬಂದರು ಅಧಿಕಾರಿಗಳೇ,

ದೋಣಿಗಳು ನಿಲ್ಲುವ ದಕ್ಕೆಯ ಹಳೇ ಬಲೆಮನೆಯನ್ನು ಮೀನೂಟದ ಹೊಸ ಹೋಟೆಲಿಗೆ ಕೊಟ್ಟಿರಿ. ಅಲ್ಲಿ ಬಲೆ ಹೆಣೆಯುತ್ತಿದ್ದ ನಮ್ಮ ಏಳು ಹೆಂಗಸರನ್ನು ಬಿಸಿಲಿಗೆ ಕೊಟ್ಟಿರಿ. ನನ್ನ ತಕರಾರು ಇಷ್ಟೇ. ಮುಂದಿನದೆಲ್ಲ ವಿವರಣೆ.

ಮೊದಲು ಮೆಚ್ಚುಗೆ ಸಲ್ಲಿಸಿಬಿಡುತ್ತೇನೆ. ಸೂರು ಸೋರುತ್ತದೆ, ನಾಲ್ಕು ಹೆಂಚು ಹಾಕಿಸಿಕೊಡಿ ಎಂದು ನಾವು ಹನ್ನೊಂದು ವರ್ಷ ಅರ್ಜಿ ಬರೆದೆವು. ಕಟ್ಟಡ ಶಿಥಿಲವಾಗಿದೆ, ದುರಸ್ತಿಗೆ ಯೋಗ್ಯವಲ್ಲ ಎಂದು ತಾವು ಪ್ರತಿ ಸಲವೂ ಅದೇ ಪ್ರೀತಿಯಿಂದ ಉತ್ತರಿಸಿದಿರಿ. ನಾವು ಹೊರಬಿದ್ದ ನಾಲ್ಕೇ ತಿಂಗಳಲ್ಲಿ ಆ ಗೋಡೆಗಳಿಗೆ ಯೌವನ ಬಂತು: ಹೊಸ ಸೂರು, ಕಡಲ ಕಡೆಗೆ ಗಾಜು, ಅಗಲವಾದ ತಟ್ಟೆಯ ನಡುವೆ ಹೆಬ್ಬೆರಳಿನಷ್ಟು ಮೀನು. ಹಾಗಾದರೆ ಶಿಥಿಲವಾಗಿದ್ದದ್ದು ಕಟ್ಟಡವೋ, ಒಳಗೆ ಕೂತಿದ್ದ ನಾವೋ?

ಈಗ ನನ್ನ ಚಿಕ್ಕಮ್ಮನ ವಿಷಯ. ಆ ಬಲೆಮನೆಯ ಕಿಟಕಿಯ ಪಕ್ಕ ಮೂವತ್ತೆಂಟು ವರ್ಷ ಬಲೆ ಹೆಣೆದವಳು. ಉದ್ಘಾಟನೆಯ ಮರುದಿನ ಮಧ್ಯಾಹ್ನ, "ಒಳಗೆ ಏನ್ ಮಾಡಿದಾರೆ ನೋಡ್ಕೊಂಡ್ ಬರೋಣ ಬಾ" ಎಂದು ನನ್ನನ್ನು ಎಳೆದುಕೊಂಡು ಹೋದಳು. ನಾವು ಬಿಟ್ಟುಬಂದಿದ್ದ ಬಲೆಯೊಂದು ಗೋಡೆಯ ಮೇಲೆ ಅಲಂಕಾರಕ್ಕೆ ನೇತಾಡುತ್ತಿತ್ತು. ಅದರಲ್ಲಿ ಮೊಣಕೈ ತೂರುವಷ್ಟು ಹರಕು. ಚಿಕ್ಕಮ್ಮ ಒಂದು ನಿಮಿಷ ನೋಡಿದಳು. ಆಮೇಲೆ ಕುರ್ಚಿ ಎಳೆದುಕೊಂಡು, ಚೀಲದಿಂದ ಸೂಜಿ ದಾರ ತೆಗೆದು, ಹೆಣೆಯಲು ಶುರುಮಾಡಿದಳು.

ಮ್ಯಾನೇಜರು ಓಡಿಬಂದರು. "ಅಮ್ಮಾ, ಅದು ಹರಿದಿರೋದೇ ಚೆಂದ. ಡೆಕೋರೇಷನ್ನು."

"ಹರಿದಿದ್ರೆ ಮೀನು ತಪ್ಪಿಸ್ಕೊಳ್ಳುತ್ತಪ್ಪ," ಎಂದಳು ಅವಳು, ತಲೆಯೆತ್ತದೆ.

ಊಟಕ್ಕೆ ಕೂತವರು ಫೋಟೋ ತೆಗೆದರು. ಒಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಮ್ಯಾನೇಜರಿಗೆ ತಕ್ಷಣ ಒಂದು ಉಪಾಯ ಹೊಳೆಯಿತು. ದಿನಾ ಬಂದು ಗಿರಾಕಿಗಳ ಎದುರು ಹೆಣೆಯುತ್ತೀರಾ ಎಂದು ಕೇಳಿದರು.

"ಹೆಣೆದ ಬಲೆ ಯಾವ ದೋಣಿಗೆ ಹೋಗುತ್ತೆ?"

"ದೋಣಿಗಲ್ಲಮ್ಮ. ಬಿಚ್ಚಿಬಿಟ್ಟು ನಾಳೆ ಮತ್ತೆ ಹೆಣೀಬಹುದು."

ಚಿಕ್ಕಮ್ಮ ಗಂಟು ಬಿಗಿದು, ದಾರವನ್ನು ಹಲ್ಲಿನಿಂದ ಕಡಿದು ಎದ್ದಳು. ದಕ್ಕೆಗೆ ಬಂದಮೇಲೆ, "ಈ ಬಿಸಿಲಲ್ಲಿ ಕಣ್ಣು ಮಂಜಾಗ್ತಾ ಇದೆ ಕಣೇ. ಉಳಿದಿರೋ ದೃಷ್ಟೀನ ಬಿಚ್ಚೋ ಕೆಲಸಕ್ಕೆ ಹಾಕಲಾ?" ಎಂದಳು. ಕಣ್ಣಿನ ವಿಷಯ ಅವಳು ಬಾಯಿಬಿಟ್ಟದ್ದು ಅದೇ ಮೊದಲು. ಅವಳ ಪ್ರಶ್ನೆಗೆ ಉತ್ತರ ತಮ್ಮಲ್ಲಿದೆ.

ಹೋಟೆಲು ಮುಚ್ಚಿ ಎಂದು ನಾನು ಕೇಳುತ್ತಿಲ್ಲ. ಯಾವ ನೆಪದಿಂದಲಾದರೂ ಕಟ್ಟಡ ಉಳಿಯಿತಲ್ಲ, ಸಂತೋಷ. ಆದರೆ ಅದರ ಹಿಂಬದಿಯಲ್ಲಿ ಮುರಿದ ಕುರ್ಚಿಗಳನ್ನು ತುಂಬಿಟ್ಟ ಕೋಣೆಯೊಂದಿದೆ. ಉತ್ತರಕ್ಕೆ ದೊಡ್ಡ ಕಿಟಕಿ, ದಿನವಿಡೀ ತಂಪು ಬೆಳಕು. ಕುರ್ಚಿಗಳಿಗೆ ನೆರಳು ಮಂಜೂರು ಮಾಡಿದ ಕೈಯಿಂದಲೇ ನಮಗೂ ಮಂಜೂರು ಮಾಡಿ. ತಿಂಗಳ ಕೊನೆಗೆ ದೋಣಿಗಳು ನಾವು ಹೆಣೆದ ಬಲೆ ಹೊತ್ತು ಕಡಲಿಗಿಳಿಯುತ್ತವೆ. ಅದಕ್ಕೆ ಮೊದಲು ಆ ಕೋಣೆಯ ಬೀಗದಕೈ ನಮ್ಮ ಕೈ ಸೇರಬೇಕು.

ಅಲ್ಲಿಯವರೆಗೆ ನಾವು ಹೋಟೆಲಿನ ಮುಂಬಾಗಿಲ ನೆರಳಲ್ಲಿ ಬಲೆ ಹರವಿಕೊಂಡು ಕೂರುತ್ತೇವೆ. ಸೋಮವಾರದಿಂದ ಕೂತೂ ಆಗಿದೆ. ಗಿರಾಕಿಗಳು ದಾಟಿಕೊಂಡು ಒಳಗೆ ಹೋಗುತ್ತಾರೆ. ಚಿಕ್ಕಮ್ಮ ಪ್ರತಿಯೊಬ್ಬರಿಗೂ, "ಕಾಲು ಸ್ವಲ್ಪ ಎತ್ತಿಡಿ, ಇದು ನಿಜವಾದ ಬಲೆ," ಎನ್ನುತ್ತಾಳೆ.

ಇಂತಿ,
ತಮ್ಮ ನಿನ್ನೆಯ ನೋಟಿಸಿನಲ್ಲಿ 'ಸದರಿ ಅಡಚಣೆ' ಎಂದು ನಮೂದಾಗಿರುವ ಏಳರಲ್ಲಿ ಒಬ್ಬಳು