ಕರಡಿಯ ಬಾಲದಲ್ಲಿ ಅರುಂಧತಿ

ಅಕ್ಕನಿಗೆ ನಾಗರತ್ನಳ ನಮಸ್ಕಾರ. ಇಂದು ಏಕಾದಶಿ ಉಪವಾಸ. ಪಾತ್ರೆ ತೊಳೆದು, ದೀಪ ಹಚ್ಚಿ ಬರೆಯುತ್ತಿದ್ದೇನೆ. ನಿನ್ನೆ ಮಗಳು ಸುಕನ್ಯಾ ಬರ್ಕ್ಲಿಯಲ್ಲಿ ಒಂದು ಪ್ರದರ್ಶನಕ್ಕೆ ಕರೆದೊಯ್ದಳು. ಯುರೋಪಿನವರು ನಾನೂರು ವರ್ಷದ ಹಿಂದೆ ಮಾಡಿದ ಆಕಾಶದ ಗೋಳ ಅಲ್ಲಿತ್ತು. ಅಕ್ಕಾ, ನಮ್ಮ ಸಪ್ತರ್ಷಿಗಳನ್ನು ಕರಡಿ ಮಾಡಿದ್ದಾರೆ! ವಸಿಷ್ಠರೂ ಅರುಂಧತಿಯೂ ಅದರ ಬಾಲದಲ್ಲಿ! ಸುಕನ್ಯಾಗೆ ಬೆರಳಿಟ್ಟು ತೋರಿಸಿದೆ.

“ಅವರ ಕಣ್ಣಿಗೆ ಹಾಗೆ ಕಂಡಿದೆ, ಸುಮ್ನಿರಮ್ಮಾ” ಎಂದು ನಕ್ಕಳು.

“ಮುಂದಿನ ತಿಂಗಳು ನಿನ್ನ ಮದುವೇಲಿ ಭಟ್ಟರು ಕರಡಿ ಬಾಲ ತೋರಿಸಿ ಕೈ ಮುಗಿ ಅಂತಾರೇನೇ?” ಎಂದೆ.

ಹುಡುಗ ಇಲ್ಲೇ ಅಮೆರಿಕದಲ್ಲಿ ಹುಟ್ಟಿ ಬೆಳೆದವನು, ಡಾಟ್‌ಕಾಮ್ ಕಂಪನಿಯವನು. ಹೆಣ್ಣು ಅರುಂಧತಿಯನ್ನು ಕಂಡು, ಗಂಡು ಕರಡಿಯನ್ನು ಕಂಡರೆ ಶಾಸ್ತ್ರ ಫಲಿಸುತ್ತದೆಯೇ? ನನಗೆ ನಿದ್ದೆಯಿಲ್ಲ. ಮಂಡಿನೋವು ಈಗ ವಾಸಿಯಾಗಿದೆ. ಭಾವನವರನ್ನು ಕೂಡಲೇ ಜೋಯಿಸರ ಮನೆಗೆ ಕಳಿಸಿ ಉತ್ತರ ತರಿಸು.