ಚಾದರ ಸೇರಿಸಿ ಹೊಲಿದ ಕೌದಿ

ಮಂಗಳವಾರ, ಹದಿನಾಲ್ಕು.

ನಮ್ಮವರ ಹಳೆಯ ಅಂಗಿಗಳ ಕೌದಿಗೆ ಇವತ್ತು ಕಚ್ಚಾ ಹೊಲಿಗೆ ಹಾಕಿದೆ. ಅಡಿಬಟ್ಟೆ, ನಡುವೆ ಹತ್ತಿ, ಮೇಲೆ ಅಂಗಿಯ ತುಂಡುಗಳು. ಮೂರೂ ಜರುಗದಂತೆ ನಡುವಿನಿಂದ ಅಂಚಿಗೆ ಉದ್ದುದ್ದ ಹೊಲಿಗೆ. ಎತ್ತಿದರೆ ಮಂಚದ ಚಾದರವೂ ಜೊತೆಗೇ ಬಂತು!

"ಅತ್ತಿಗೆ, ಮಂಚಾನ ಯಾಕೆ ಬಿಟ್ರಿ?" ಎಂದು ನಾದಿನಿ ಬಿದ್ದು ಬಿದ್ದು ನಕ್ಕಳು. ಅಣ್ಣ ತೀರಿಕೊಂಡ ಮೇಲೆ ಅವಳು ನಕ್ಕದ್ದು ಇವತ್ತೇ.

ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದೆ. ಸೂಜಿಯ ತೂತು ಉಳಿದರೆ? ಅವರ ಬೇರೆ ಅಂಗಿಗಳಿಲ್ಲ.

"ಉಗುರಲ್ಲಿ ಉಜ್ಜಿ ನೋಡಿ" ಎಂದಳು. ಉಜ್ಜಿದೆ. ಎಳೆಗಳು ಕೂಡಿಕೊಂಡು ತೂತೇ ಕಾಣದಾಯಿತು. ಎಲ್ಲಿ ಹೋಯಿತು? ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದನ್ನೂ ಹುಡುಕಿದೆ. ನೀಲಿ ಅಂಗಿಯಲ್ಲಿ ಮಾತ್ರ ಒಂದು ಎಷ್ಟು ಉಜ್ಜಿದರೂ ಮುಚ್ಚಲಿಲ್ಲ. ಅದು ನನ್ನ ಸೂಜಿಯದಲ್ಲ, ಅವರ ಬೀಡಿಯ ಕಿಡಿಯದು. ಆಗ ಎಷ್ಟು ಬೈದಿದ್ದೆ. ಅದನ್ನು ಹಾಗೇ ಬಿಟ್ಟು ಸುತ್ತ ಹೊಲಿಗೆ ಬಳಸಿಕೊಂಡು ಹೋಗಲು ಬರುತ್ತದೋ ಏನೋ, ನಾಳೆ ನೆಲದ ಮೇಲೆ ಹಾಸಿ ನೋಡಬೇಕು.