ರಾಮಪಾತರ್

೪ ಆಗಸ್ಟ್ ೧೯೬೮, ಬರೋಡಾ

ಸೂರತ್ ಟೆಲಿಫೋನ್ ಲೈನು ಬೆಳಗಿನಿಂದ ಸತ್ತಿತ್ತು. ಟ್ರಂಕ್ ಬೋರ್ಡಿನ ಮುಂದೆ ಕೂತು ಬೈಗುಳ ತಿಂದದ್ದೇ ಕೆಲಸ. ಗುಜರಾತಿ ಬೈಗುಳ, ಅರ್ಧ ತಿಳಿಯುವುದಿಲ್ಲ, ಅಷ್ಟೇ ಪುಣ್ಯ.

ಎಕ್ಸ್‌ಚೇಂಜಿನಲ್ಲಿ ನಾನು ಮದ್ರಾಸಿ ಬೆನ್, ಅಂದರೆ ಮದ್ರಾಸಿ ಅಕ್ಕ. ಮದ್ರಾಸು ಕಂಡವಳಲ್ಲ. ಇರಲಿ. ಆ ಹೆಸರಿನ ಹಿಂದೆ ಯಾರೂ ಜಾತಿ ಹುಡುಕುವುದಿಲ್ಲ. ಹುಡುಕಬಲ್ಲವರು ಕನ್ನಡದವರು ಮಾತ್ರ. ಅದಕ್ಕೇ ಅವರಿಂದ ದೂರ ಇದ್ದೆ. ಎಷ್ಟು ದೂರವೆಂದರೆ, ರೂಮಿನಲ್ಲಿ ಗೋಡೆಯೊಡನೆ ಕನ್ನಡ ಮಾತಾಡುವಷ್ಟು.

ಇವತ್ತು ಆ ವ್ರತ ಮುರಿಯಿತು. ಯೂನಿಯನ್ ಸೆಕ್ರೆಟರಿ ಜಯತೀರ್ಥ ನಮ್ಮ ವಿಜಾಪುರದ ಕಡೆಯವರೇ. ಊಟಕ್ಕೆ ಎಳೆದುಕೊಂಡು ಹೋದರು. ಹೆಂಡತಿ ಸಾವಿತ್ರಿಬಾಯಿ ಬಿಸಿ ರೊಟ್ಟಿ, ಶೇಂಗಾ ಹಿಂಡಿ ಹಾಕಿದರು. "ಲಿಂಗಾಯತರೇನವಾ?" ಎಂದು ಅವರೇ ಕೇಳಿ, ಅವರೇ ಹೂಂ ಅಂದುಕೊಂಡರು. ನನ್ನ ಬಾಯಲ್ಲಿ ರೊಟ್ಟಿ ಇತ್ತು.

ಹೊಲಗೇರಿಯವಳು ಎಂದರೆ ಆ ಬಾಗಿಲೂ ಬಂದ್, ಕನ್ನಡದ ಮಾತೂ ಬಂದ್.

೧೫ ಆಗಸ್ಟ್

ಆಫೀಸಿನಲ್ಲಿ ಧ್ವಜ, ಪೇಡೆ. ತಿನ್ನಲಿಲ್ಲ.

ನಲವತ್ತೇಳರಲ್ಲಿ ನನಗೆ ಎಂಟು ವರ್ಷ. ಖಾದಿ ಟೊಪ್ಪಿಗೆಯ ಮಾಸ್ತರರು ಇನ್ನು ಎಲ್ಲರೂ ಸಮ ಎಂದರು. ಕಣ್ಣಲ್ಲಿ ನೀರು ಬೇರೆ. ಆಮೇಲೆ ಪೇಡೆ ಹಂಚಿದರು. ಬೇರೆ ಮಕ್ಕಳಿಗೆ ಕೈಗೆ. ನಮಗೆ ಮೇಲಿನಿಂದ, ಮುಟ್ಟದ ಹಾಗೆ. ನನ್ನದು ಬೊಗಸೆ ತಪ್ಪಿತು. ಮಣ್ಣು ಒರೆಸಿ ತಿಂದೆ. ಸಿಹಿಯಾಗಿಯೇ ಇತ್ತು — ಥೂ, ಅದೇ ಸಿಟ್ಟು.

ಅಂದಿನಿಂದ ಯಾವ ಪಕ್ಷದ ಭಾಷಣ ಕೇಳಿದರೂ ನನ್ನ ಕಣ್ಣು, ಹಂಚುವವನ ಕೈ ಎಷ್ಟು ಎತ್ತರದಲ್ಲಿದೆ ಎಂದೇ ನೋಡುತ್ತದೆ. ಜಯತೀರ್ಥರು ಕೇಳುತ್ತಾರೆ, ಓದಿದವಳು ಯೂನಿಯನ್ ಯಾಕೆ ಸೇರುವುದಿಲ್ಲ ಎಂದು. ಏನು ಹೇಳಲಿ...

೨೫ ಆಗಸ್ಟ್

ಸಾವಿತ್ರಿಬಾಯಿಯ ಹಿತ್ತಿಲಲ್ಲಿ, ಪಾಯಿಖಾನೆಯ ಪಕ್ಕದ ಗೋಡೆಗೂಡಿನಲ್ಲಿ ಕಿವಿ ಮುರಿದ ಕಪ್ಪು, ಸಾಸರು. ಏನೆಂದು ಕೇಳಿದೆ. ರಾಮಪಾತರ್ ಎಂದರು. ರಾಮನ ಪಾತ್ರೆ! ದೇವರಿಗೆ ಎತ್ತಿಡುವುದು ಎಂದುಕೊಂಡು ಕೈಮುಗಿದೆ. ಅವರು ನಕ್ಕು ನಕ್ಕು ಕೂತರು.

"ಹುಚ್ಚಿ, ಅದು ಕಸಗುಡಿಸೋ ಮಣಿಬೆನ್ನಂದು. ಚಹಾ ಕುಡದು ತಾನs ತೊಳದು ಇಡ್ತಾಳ. ಈ ಊರಾಗ ಮನಿಮನಿಗೂ ಇರ್ತದ."

ನಮ್ಮೂರಲ್ಲಿ ನಮಗೆ ತೆಂಗಿನ ಚಿಪ್ಪು. ಅದಕ್ಕೆ ಯಾರೂ ದೇವರ ಹೆಸರಿಟ್ಟಿರಲಿಲ್ಲ.

ನಾನೂ ನಕ್ಕೆ. ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

೧೫ ಸೆಪ್ಟೆಂಬರ್, ಭಾನುವಾರ

ನಡುವೆ ಬರೆಯಲಾಗಲಿಲ್ಲ. ಪ್ರತಿ ಭಾನುವಾರ ಹೋದೆ. ಗೂಡಿನ ಕಡೆ ಬೆನ್ನು ಮಾಡಿ ಉಂಡೆ.

ಇವತ್ತು ಅವರ ಮನೆಯಲ್ಲೇ ಸಭೆ. ಹತ್ತೊಂಬತ್ತಕ್ಕೆ ಸ್ಟ್ರೈಕು. ಬದುಕುವಷ್ಟು ಪಗಾರ ಕೊಡಿ ಎಂದು. ಹೊರಬಂದವರ ನೌಕರಿ ಹೋಗುತ್ತದೆ ಎಂದು ಸರ್ಕಾರ ಗದರಿಸಿದೆ. ಮಣಿಬೆನ್ನೂ ಬಂದಳು. ಎಕ್ಸ್‌ಚೇಂಜಿನ ಕಸ ಹೊಡೆಯುವವಳೂ ಅವಳೇ. ಹೊರಗೆ ಕಟ್ಟೆಯ ಮೇಲೆ ಕೂತಳು. ಜಯತೀರ್ಥರು ಚೆನ್ನಾಗಿಯೇ ಮಾತಾಡಿದರು. ದುಡಿಯುವವರಿಗೆ ಒಂದೇ ಜಾತಿ ಎಂದರು. ಚಹಾ ಬಂತು. ನಮಗೆಲ್ಲ ಕಪ್ಪು ಬಸಿ. ಮಣಿಬೆನ್ ಎದ್ದು ಹಿತ್ತಿಲಿಗೆ ಹೋಗಿ ತನ್ನದನ್ನು ತಂದು ನೆಲದ ಮೇಲಿಟ್ಟಳು. ಸಾವಿತ್ರಿಬಾಯಿ ಕೆಟಲ್ ಎತ್ತಿ ಹಿಡಿದು, ಮೇಲಿನಿಂದ ಹೊಯ್ದರು.

ಎದ್ದುಬಿಟ್ಟೆ. ಹೋಗಿ ಅವಳ ಪಕ್ಕ ಕೂತೆ.

"ನನಗೂ ಇದರಾಗs ಹಾಕ್ರಿ. ನಾವೂ ಇವರ ಪೈಕಿನs."

ಕನ್ನಡದಲ್ಲಿ ಹೇಳಿದ್ದು. ತಿಳಿದದ್ದು ಇಬ್ಬರಿಗೇ. ಜಯತೀರ್ಥರ ಮುಖ ಕೆಂಪಾಯಿತು. "ಪಾರ್ವತಿ, ಈಗ ಅದನ್ನ ತಗೀಬ್ಯಾಡ. ಮೊದಲ ಪಗಾರ ಗೆಲ್ಲೂಣು," ಎಂದರು ಮೆಲ್ಲಗೆ. ಸಾವಿತ್ರಿಬಾಯಿ ಕೆಟಲ್ ಹಿಡಿದೇ ನಿಂತಿದ್ದರು.

"ಇಷ್ಟ ದಿನಾ ನನ್ನ ಕೈಲೆ ಉಂಡಿ. ಒಂದ ಮಾತರೆ ಹೇಳಬಾರದಿತ್ತೇನು?"

"ಹೇಳಿದ್ರ ಉಣ್ಣಾಕ ಹಾಕ್ತಿದ್ರೇನ್ರಿ?"

ಸಾವಿತ್ರಿಬಾಯಿ ಕೆಟಲ್ ಕೆಳಗಿಟ್ಟರು. ಕಣ್ಣು ತುಂಬಿದ್ದವು. ನನ್ನವೂ. ಮಣಿಬೆನ್ ಗಾಬರಿಯಾಗಿ ತನ್ನ ಕಪ್ಪನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

೧೮ ಸೆಪ್ಟೆಂಬರ್

ಕನ್ನಡ ಇಲ್ಲ. ಜಯತೀರ್ಥರು ಬೋರ್ಡಿನ ಹತ್ತಿರ ಬಂದರೂ ಇಂಗ್ಲಿಷ್.

ನಾಳೆ ಹೊರಗೋ, ಒಳಗೋ? ಒಳಗಿದ್ದರೆ ನೌಕರಿ ಉಳಿದೀತು. ಆದರೆ ಮಣಿಬೆನ್ ಹೊರಬರುತ್ತಾಳಂತೆ. ಯಾರ ಭಾಷಣಕ್ಕೂ ಅಲ್ಲ, ಅವಳ ಹೊಟ್ಟೆಗೆ.

೨೦ ಸೆಪ್ಟೆಂಬರ್

ಸಸ್ಪೆಂಡು. ನಾನು, ಜಯತೀರ್ಥ, ಇನ್ನೂ ಹಲವರು. ಮಣಿಬೆನ್‌ಗೆ ಕಾಗದವೂ ಇಲ್ಲ, ನಾಳೆಯಿಂದ ಬರಬೇಡ ಎಂದರು, ಅಷ್ಟೇ.

ನಿನ್ನೆ ಗೇಟಿನ ಹೊರಗೆ ಅವಳ ಪಕ್ಕ ಕೂತಿದ್ದೆ. ಬಿಸಿಲು. ಒಂದೇ ಕೊಡೆ. ಗುಜರಾತಿಯಲ್ಲಿ ಊರು ಕೇಳಿದಳು. ಹೇಳಿದೆ. ನಿನ್ನ ತಾಯಿ ಏನು ಕೆಲಸ ಮಾಡುತ್ತಿದ್ದಳು ಎಂದಳು. ಗುಜರಾತಿಯಲ್ಲಿ ಅದಕ್ಕೆ ಏನನ್ನುತ್ತಾರೋ ಬರಲಿಲ್ಲ. ಇಂಗ್ಲಿಷು ಅವಳಿಗೆ ಬಾರದು. ಸುತ್ತ ಜನ. ಜಯತೀರ್ಥರೂ ಅಲ್ಲೇ.

ಕನ್ನಡದಲ್ಲೇ ಹೇಳಿದೆ. ಗಟ್ಟಿಯಾಗಿ. ನಮ್ಮವ್ವ ಊರ ಸತ್ತ ದನಾ ಎಳೀತಿದ್ಲು, ಅಂತ.